ಮಂಗಳವಾರದ ವಂದನಾರ್ಪಣೆ

ನಮ್ಮ ಊರಿನ ಸಮುದಾಯ ಭವನ ಒಂದು ವರ್ಷ ತಡವಾಗಿ ಎದ್ದಿತು. ಹಿಮ, ಮಣ್ಣು, ಕಂಟ್ರಾಕ್ಟರು ಎಂದು ಜನ ಏನೇನೋ ಕಾರಣ ಹೇಳುತ್ತಾರೆ. ನಂಬಬೇಡಿ! ನಿಜವಾದ ಕಾರಣ ನನ್ನ ಚಿಕ್ಕಪ್ಪ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಡೆಟ್ರಾಯಿಟ್ ಕಡೆಯಿಂದ ಬಂದು ಸೌತ್‌ಫೀಲ್ಡ್ ದಾಟಿ ಐದಾರು ಮೈಲಿ ಹೋದರೆ ಸಿಗುವ ಪುಟ್ಟ ಊರು ನಮ್ಮದು. ಮೈಸೂರಿನಿಂದ ಬಂದು ಕಾರಿನ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ ಚಿಕ್ಕಪ್ಪ, ನಮ್ಮ ಮನೆಯಿಂದ ಎರಡು ಮೈಲಿ ಆಚೆಯ ಅಪಾರ್ಟ್‌ಮೆಂಟಿನಲ್ಲಿದ್ದರು. ಮಕ್ಕಳಿರಲಿಲ್ಲ. ಚಿಕ್ಕಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಆಗಲೇ ಊರಿನ ಕೌನ್ಸಿಲ್, ಭವನ ಕಟ್ಟಬೇಕೇ, ಕಟ್ಟಿದರೆ ಹೇಗೆ ಎಂದು ಪ್ರತಿ ಮಂಗಳವಾರ ಸಂಜೆ ಸಭೆ ಕರೆಯತೊಡಗಿತು. ಯಾರು ಬೇಕಾದರೂ ಮೈಕಿನ ಮುಂದೆ ಮೂರು ನಿಮಿಷ ಮಾತಾಡಬಹುದು. ಚಿಕ್ಕಪ್ಪನಿಗೆ ಕತ್ತಲಲ್ಲೂ ಹಿಮದಲ್ಲೂ ಡ್ರೈವ್ ಮಾಡಲು ಭಯ. ಹಾಗಾಗಿ ನಾನೇ ಕರೆದೊಯ್ಯುತ್ತಿದ್ದೆ.

ಮೊದಲ ಸಭೆಗೆ ಅವರು ಮದುವೆಯ ಸೂಟು ಹಾಕಿಕೊಂಡು ಬಂದರು. ಮಾನ್ಯ ಮೇಯರ್ ಅವರೇ ಎಂದು ಶುರುಮಾಡಿ, ಆರು ಮಂದಿ ಸದಸ್ಯರನ್ನೂ ಹೆಸರು ಹಿಡಿದು ಸಂಬೋಧಿಸಿ, ನೆರೆದ ಸೋದರ ಸೋದರಿಯರ ಹತ್ತಿರ ಬರುವಷ್ಟರಲ್ಲಿ ಮೂರು ನಿಮಿಷದ ಗಂಟೆ ಹೊಡೆಯಿತು. ವಿಷಯ ಇನ್ನೂ ಶುರುವೇ ಆಗಿರಲಿಲ್ಲ!

ಅಷ್ಟಕ್ಕೇ ಮುಗಿಯಿತೆ? ಮೇಯರ್ ಸಭೆ ಮುಗಿಯಿತು ಎಂದರು. ಜನ ಕೋಟಿಗೆ ಕೈ ಹಾಕಿದರು. ಚಿಕ್ಕಪ್ಪ ಮತ್ತೆ ಮೈಕಿನ ಹತ್ತಿರ ಓಡಿದರು. ವಂದನಾರ್ಪಣೆಯಿಲ್ಲದೆ ನಮ್ಮ ಕಡೆ ಯಾವ ಸಭೆ ತಾನೇ ಮುಗಿದೀತು? ಮೇಯರಿಗೆ, ಕುರ್ಚಿ ಜೋಡಿಸಿದವನಿಗೆ, ಕೈಕೊಡದ ಮೈಕಿಗೆ, ಹೀಟರಿಗೆ ವಂದನೆ ಸಲ್ಲಿಸಿದರು. ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ ಇಟ್ಟುಕೊಂಡು ಜನ ಹಾಗೇ ನಿಂತಿದ್ದರು. ನಾನು ಕುರ್ಚಿಯ ಕೆಳಗೆ ಜಾಗ ಹುಡುಕುತ್ತಿದ್ದೆ.

ನಾಲ್ಕನೆಯ ವಾರಕ್ಕೆ ಮೇಯರೇ ಕೊನೆಯಲ್ಲಿ ಚಿಕ್ಕಪ್ಪನ ಕಡೆ ತಿರುಗಿ ನೋಡತೊಡಗಿದರು!

ಊರಿನ ಅರ್ಧ ಜನಕ್ಕೆ ಈಜುಕೊಳ ಬೇಕು, ಇನ್ನರ್ಧಕ್ಕೆ ಐಸ್ ಮೇಲೆ ಜಾರುವ ಅಂಗಳ. ಚಿಕ್ಕಪ್ಪನ ಪ್ರಶ್ನೆಯೇ ಬೇರೆ. ಇನ್ನೂರು ಜನಕ್ಕೆ ಅನ್ನ ಬಸಿದರೆ ಗಂಜಿ ಹೋಗುವುದೆಲ್ಲಿಗೆ? ಆರ್ಕಿಟೆಕ್ಟ್ ಬೆವರಿದ. ನಕ್ಷೆ ಒಂದು ತಿಂಗಳು ಹಿಂದೆ ಹೋಯಿತು. ಇನ್ನೂರು ಜೊತೆ ಚಪ್ಪಲಿ ಬಿಡುವುದೆಲ್ಲಿ? ಇನ್ನೊಂದು ತಿಂಗಳು. ಹೀಗೇ ವರ್ಷ ಕಳೆಯಿತು.

ಒಮ್ಮೆ ಕಾರಿನಲ್ಲಿ ರೇಗಿಸಿದೆ.

“ಈಜು ಬರಲ್ಲ, ಸ್ಕೇಟಿಂಗ್ ಬರಲ್ಲ. ನಿಮಗ್ಯಾಕೆ ಚಿಕ್ಕಪ್ಪ ಈ ಉಸಾಬರಿ?”

“ಅಲ್ಲಿ ‘ನೀವೇನಂತೀರಿ’ ಅಂತ ಕೇಳ್ತಾರೆ ಕಣಮ್ಮ. ಮನೇಲಿ ಮಾತಾಡೋದು ಫ್ರಿಜ್ ಒಂದೇ. ಅದೂ ದಿನವೆಲ್ಲ ಒಂದೇ ಮಾತು.”

ನಾನು ಜೋರಾಗಿ ನಕ್ಕೆ. ಅವರೂ ನಕ್ಕರು. ಅವರನ್ನು ಮನೆಯ ಬಾಗಿಲಲ್ಲಿ ಇಳಿಸಿ, ಒಳಗೆ ಹೋಗದೆ ಹೊರಟೆ.

ಕೊನೆಗೊಂದು ಮಂಗಳವಾರ ನಿರ್ಧಾರವಾಯಿತು. ಕೊಳವೂ ಇಲ್ಲ, ಐಸೂ ಇಲ್ಲ. ಒಂದು ದೊಡ್ಡ ಹಾಲ್, ಗಂಜಿ ಹರಿದುಹೋಗುವಂಥ ಅಡುಗೆಮನೆ, ಚಪ್ಪಲಿಗೆ ಗೋಡೆಯುದ್ದದ ಕಪಾಟು! ಸದಸ್ಯರ ಕೈಗಳೆಲ್ಲ ಮೇಲೆದ್ದವು. ಚಪ್ಪಾಳೆ. ಮೇಯರ್ ಕೋಟು ತೊಟ್ಟು, ನಗುತ್ತ ಚಿಕ್ಕಪ್ಪನ ಕಡೆ ನೋಡಿದರು.

ಚಿಕ್ಕಪ್ಪ ಏಳಲಿಲ್ಲ.

“ಏಳಿ ಚಿಕ್ಕಪ್ಪ, ಎಲ್ಲಾ ಕಾಯ್ತಿದಾರೆ.”

“ಮುಂದಿನ ವಾರ ಸಭೆ ಇದೆಯೇನಮ್ಮ?”

“ಇನ್ಯಾಕೆ? ಪಾಸಾಯ್ತಲ್ಲ!”

“ಹಾಗಾದ್ರೆ ಸ್ವಲ್ಪ ಹೊತ್ತು ಇರಲಿ. ನಾನು ಎದ್ರೆ ಮುಗಿದುಹೋಗತ್ತೆ.”

ಮೇಯರಿಗೆ ಕನ್ನಡ ಬರುವುದಿಲ್ಲ. ಆದರೂ ಅವರು ಚಿಕ್ಕಪ್ಪನ ಮುಖವನ್ನು ಒಂದು ಕ್ಷಣ ನೋಡಿ, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮತ್ತೆ ಕುಳಿತರು. ಬಾಗಿಲವರೆಗೆ ಹೋದವರೂ ಒಬ್ಬೊಬ್ಬರಾಗಿ ಬಂದು ಕುಳಿತರು.

ನಾನೂ ಪಕ್ಕದಲ್ಲಿ ಕುಳಿತೆ. ಎರಡೇ ಮೈಲಿ. ಆ ಒಂದು ವರ್ಷದಲ್ಲಿ, ಮಂಗಳವಾರ ಬಿಟ್ಟರೆ ಬೇರೊಂದು ದಿನವೂ ನಾನು ಅವರ ಬಾಗಿಲು ತಟ್ಟಿರಲಿಲ್ಲ.

“ಚಿಕ್ಕಪ್ಪ, ನಾಳೆ ಬರ್ತೀನಿ” ಎಂದೆ.

ಅವರು ನನ್ನನ್ನು ಅಚ್ಚರಿಯಿಂದ ನೋಡಿದರು.

“ನಾಳೆ ಬುಧವಾರ ಅಲ್ವೇನಮ್ಮ?”