ಚಿಗವ್ವನ ತಲೆಯಲ್ಲಿ ಕಾಕಾನ ಹೆಸರು

ನಮ್ಮ ಕಾಕಾನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೈಹಿಡಿದ ಹೆಂಡತಿಯೇ ನಲವತ್ತು ವರ್ಷ ಬಾಯಿಬಿಟ್ಟು ಹೇಳದ ಹೆಸರು, ಬರೆಯಲು ನಾನ್ಯಾರು? ಆದರೆ ಹೆಂಡತಿ ತನ್ನ ಹೆಸರು ಹೇಳಲಿ ಎಂದು ಇಳಿವಯಸ್ಸಿನಲ್ಲಿ ಮೂರು ತಾಲೂಕು ತಿರುಗಿದ ಗಂಡ ಇನ್ನೊಬ್ಬನಿದ್ದರೆ ತೋರಿಸಿ, ನಾನು ಬರೆಯುವುದನ್ನೇ ಬಿಡುತ್ತೇನೆ!

ಕಾಕಾ ಸಿಂದಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅವರ ಹೆಂಡತಿ, ನಮ್ಮ ಚಿಗವ್ವನಿಗೆ, ಗಂಡನ ಹೆಸರು ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆಂಬ ಗಟ್ಟಿ ನಂಬಿಕೆ. ಜನಗಣತಿಯವರು ಯಜಮಾನರ ಹೆಸರು ಕೇಳಿದರೆ ಬಾಗಿಲ ಮೇಲಿನ ಫಲಕ ತೋರಿಸುತ್ತಿದ್ದಳು. ಗಂಡನನ್ನು ಕರೆಯುವುದು "ಇಲ್ಲಿ ನೋಡ್ರಿ" ಎಂದೇ. ಚಹಾ ಆದರೂ ಅದೇ, ಹಿತ್ತಲಲ್ಲಿ ಹಾವು ಬಂದರೂ ಅದೇ!

ಹೀಗಿದ್ದ ಚಿಗವ್ವ ಮರೆಯಲು ಶುರುಮಾಡಿದಳು. ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ತವರೂರು ಮೋರಟಗಿಗೆಂದು ಹೊರಟವಳು ಎಲ್ಲಿಗೆಂಬುದೇ ಹೊಳೆಯದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತುಬಿಟ್ಟಳು. ನೆನಪು ಒಂದೊಂದಾಗಿ ಹೋಗುತ್ತದೆ, ತಡೆಯುವ ಔಷಧವಿಲ್ಲ ಎಂದರು ಬಿಜಾಪುರದ ಡಾಕ್ಟರು. ಅದೇ ತಿಂಗಳು ಕಾಕಾ ಯಾವುದೋ ವಿಜ್ಞಾನ ಪತ್ರಿಕೆ ಓದಿದರು. ಓದಬಾರದಿತ್ತು!

ನಾನು ಹೋದಾಗ ಪಡಸಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಮಿದುಳಿನ ಕೋಶಗಳ ಚಿತ್ರವಿತ್ತು. ಎರಡು ಕೋಶ ಮತ್ತೆ ಮತ್ತೆ ಕೂಡಿ ಕೆಲಸ ಮಾಡಿದರೆ ಅವು ಸೇರುವಲ್ಲಿ ಬೆಳವಣಿಗೆಯ ಪ್ರೋಟೀನು ಜಿನುಗುತ್ತದಂತೆ. ಬೆಳೆಗೆ ಗೊಬ್ಬರ ಬಿದ್ದ ಹಾಗೆ ಆ ಕೊಂಡಿ ಗಟ್ಟಿಯಾಗುತ್ತದಂತೆ. ಬಳಸದ ಕೊಂಡಿ ಸೊರಗುತ್ತದಂತೆ. ಇಷ್ಟು ಪಾಠ ಮಾಡಿ ಕಾಕಾ ಮುಖ ಸಣ್ಣದು ಮಾಡಿಕೊಂಡರು.

"ನನ್ನ ಹೆಸರು ಆಕಿ ಬಳಸೇ ಇಲ್ಲವ್ವಾ. ಎಲ್ಲಾರಕಿಂತ ಮೊದಲ ನನ್ನ ಮರೀತಾಳ."

ನನಗೆ ನಗು ಬಂತು. ಅವರು ಗೋಡೆಯ ಕಡೆ ತಿರುಗಿ ಆ ಕೊಂಡಿಯನ್ನೇ ಮತ್ತೆ ಮತ್ತೆ ದಪ್ಪಗೆ ತಿದ್ದುತ್ತಿದ್ದುದು ಕಂಡು ನುಂಗಿಕೊಂಡೆ.

ಅಲ್ಲಿಂದ ಶುರುವಾಯಿತು ಗೊಬ್ಬರ ಹಾಕುವ ಕೆಲಸ. ದಿನಾ ಮುಂಜಾನೆ ಹತ್ತು ಸಲ ಹೆಸರು ಹೇಳೆಂದು ಕಾಕಾ ಗಂಟುಬಿದ್ದರು. ಚಿಗವ್ವ ಕಿವಿ ಮುಚ್ಚಿಕೊಂಡಳು. ಕಾಕಾ ಅಡುಗೆಮನೆಯ ಡಬ್ಬಿಗಳ ಚೀಟಿ ಕಿತ್ತು, ಎಲ್ಲದರ ಮೇಲೂ ತಮ್ಮ ಹೆಸರು ಅಂಟಿಸಿದರು. ಸಕ್ಕರೆ ಡಬ್ಬಿಗೂ ಕಾಕಾನ ಹೆಸರು, ಉಪ್ಪಿನ ಡಬ್ಬಿಗೂ ಕಾಕಾನ ಹೆಸರು. ಆ ಚಹಾ ಕುಡಿದವಳು ನಾನು!

ಕೊನೆಗೆ ಅವರಿಗೆ ಹೊಳೆದದ್ದು ಒಡಪು, ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಪದ. ನಮ್ಮ ಕಡೆ ಕೂಸಿನ ತೊಟ್ಟಿಲು ಕಾರ್ಯದಲ್ಲಿ ಹೆಂಗಸರು ಒಡಪು ಕಟ್ಟಿ ಗಂಡನ ಹೆಸರು ಹೇಳಲೇಬೇಕು, ಅಲ್ಲಿ ಆಯುಷ್ಯದ ಭಯವಿಲ್ಲ. ನಾಚಿಕೆಯ ಚಿಗವ್ವ ಇಷ್ಟು ವರ್ಷ ಅದರಿಂದಲೂ ತಪ್ಪಿಸಿಕೊಂಡಿದ್ದಳು. ಇಂಡಿ, ಬಾಗೇವಾಡಿ, ಮುದ್ದೇಬಿಹಾಳ, ಎಲ್ಲಿ ತೊಟ್ಟಿಲು ಕಟ್ಟಿದರೂ ಯಾರೂ ಕರೆಯದಿದ್ದರೂ ಕಾಕಾ ಚಿಗವ್ವನನ್ನು ಬಸ್ಸು ಹತ್ತಿಸಿದರು. ಬಾಗೇವಾಡಿಯಲ್ಲಿ ಆಕೆ ನಾಚುತ್ತ ಹೆಸರು ಹೇಳಿದ್ದೇ ತಡ, ಕಾಕಾ ಹೆಂಗಸರ ನಡುವೆ ನುಗ್ಗಿ, ಇನ್ನೊಮ್ಮೆ ಹೇಳಿಸಿರೆಂದು ಕೈಮುಗಿದರು. ನಕ್ಕು ನಕ್ಕು ಬಾಣಂತಿಗೆ ಸಾಕಾಗಿಹೋಯಿತು. ಮುದ್ದೇಬಿಹಾಳದಲ್ಲಿ ಮಾತ್ರ ಯಾರೂ ನಗಲಿಲ್ಲ. ಒಡಪು ಸರಾಗವಾಗಿ ಬಂತು. ಹೆಸರಿನ ಜಾಗಕ್ಕೆ ಬಂದು ಚಿಗವ್ವ ನಿಂತುಬಿಟ್ಟಳು.

ಎರಡು ವರ್ಷದ ಮೇಲೆ ನಾನು ಹೋದಾಗ ಆಕೆಗೆ ನಾನು ದವಾಖಾನೆಯ ನರ್ಸು. ಕಾಕಾ ದಿನದಂತೆ ಆಕೆಯ ಮುಂದೆ ಕುರ್ಚಿ ಹಾಕಿಕೊಂಡು, ನಾನು ಯಾರು ಹೇಳು ಎಂದು ಕೇಳಿದರು. ಆಕೆ ಅವರನ್ನು ಬಹಳ ಹೊತ್ತು ನೋಡಿದಳು, ಗೋಡೆಯ ಚಿತ್ರವನ್ನೂ ನೋಡಿದಳು. ಆಮೇಲೆ ಸೆರಗಿನ ಅಂಚು ಮಡಚತೊಡಗಿದಳು. ತುಳಸಿಗೆ ನೀರು ಹಾಕಿ ಬರುತ್ತೇನೆಂದು ಕಾಕಾ ತಂಬಿಗೆ ಹಿಡಿದು ಎದ್ದುಹೋದರು. ಅವರು ತಿರುಗಿ ಬಂದರೆ ಏನು ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದೆ.

ಚಿಗವ್ವ ಖಾಲಿ ಕುರ್ಚಿ ನೋಡಿದಳು. ಗಾಬರಿಯಾದಳು. ಗೋಡೆ ಹಿಡಿದುಕೊಂಡು ಎದ್ದಳು.

"ಇಲ್ಲಿ ನೋಡ್ರಿ... ಎಲ್ಲಿ ಹ್ವಾದ್ರಿ?"

ನಲವತ್ತು ವರ್ಷ, ದಿನಕ್ಕೆ ಅದೆಷ್ಟು ಸಲ! ವಿಜ್ಞಾನದ ಮಾಸ್ತರರಿಗೆ ಈ ಕೊಂಡಿಯೊಂದು ಹೊಳೆದೇ ಇರಲಿಲ್ಲ.

ಕಾಕಾ ಒಂದೇ ಚಪ್ಪಲಿಯಲ್ಲಿ ಓಡಿಬಂದು ಬಾಗಿಲಲ್ಲಿ ನಿಂತರು. ತಂಬಿಗೆಯ ನೀರು ಧೋತರದ ಮೇಲೆಲ್ಲ ಚೆಲ್ಲಿತ್ತು.

"ಇಲ್ಲೇ ಅದೀನಿ," ಎಂದರು. "ಇನ್ನೊಮ್ಮೆ ಕರಿ."

ಚಿಗವ್ವ ಕರೆದಳು.