ಒಂದು ಚಹಾದಷ್ಟು ವಲಸೆ

ಗುರುವಾರ, ಬೆಳಗಿನ ಏಳು ಗಂಟೆ. ಹಾಜರಿದ್ದವರು: ನಾನು, ನಮ್ಮ ಮನೆಯವರು, ಎರಡು ಟ್ರಂಕು, ಟೆಂಪೋ ಸಮೇತ ಖಾಜಾಮಿಯಾ, ಮತ್ತು ನಮ್ಮನ್ನು ಬೀಳ್ಕೊಡಲು ನಿಂತಿದ್ದ ಇಡೀ ಗಲ್ಲಿ. ನಿವೃತ್ತಿಯಾಗುವವರೆಗೂ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಏನು ಬರೆಯಲು ಕೂತರೂ ವಾರ, ಹೊತ್ತು, ಹಾಜರಿ ಹಾಕದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಅಂದು ನಾವು ಆಳಂದ ಬಿಟ್ಟು ಹೊರಟಿದ್ದೆವು. ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರುವವರಿದ್ದೆವು. ಇದು ಗಲ್ಲಿಯವರಿಗೆಲ್ಲ ಗೊತ್ತಿತ್ತು. ಆದರೂ ಪಕ್ಕದ ಮನೆಯ ನಾಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೆಲವರಿಗೆ ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ನನ್ನ ಮೈದುನ ಶರಣಪ್ಪನದು ಸೋಲಾಪುರದಲ್ಲಿ ಟವೆಲ್ ಕಾರ್ಖಾನೆ. ವ್ಯಾಪಾರ ಏರುತ್ತಿದ್ದ ದಿನಗಳಲ್ಲಿ ಅವನಿಗೆ ಇನ್ನೊಂದು ಕಾರ್ಖಾನೆ ಹಾಕುವ ಉಮೇದು ಬಂತು. ಅದರ ಉಸ್ತುವಾರಿಗೆ ಅಣ್ಣನೇ ಬೇಕು, ಇರಲು ಫ್ಲಾಟು ನೋಡಿದ್ದೇನೆ, ಆಳಂದದ ಮನೆ ಬಾಡಿಗೆಗೆ ಕೊಟ್ಟು ಬಂದುಬಿಡಿ ಎಂದ. ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಈಗ ಬೆಳಗಿನ ಪೇಪರನ್ನು ಸಂಜೆಯವರೆಗೆ ಓದುತ್ತಾರೆ. ತಮ್ಮನಿಗೆ ಇಲ್ಲ ಎನ್ನಲು ಅವರಿಗೆ ಬಾಯಿಲ್ಲ. ಗಂಡ ಹೂಂ ಎಂದ ಮೇಲೆ ಅಡ್ಡ ಮಾತಾಡುವುದು ನನಗೆ ಸರಿಕಾಣಲಿಲ್ಲ. ಹೀಗೆ ನಾವು ಸೋಲಾಪುರಕ್ಕೆ ಹೋಗುವುದೆಂದು ಠರಾವಾಯಿತು. ನನಗೆ ಮನಸ್ಸಿರಲಿಲ್ಲ. ಎಲ್ಲಕ್ಕಿಂತ ಮೊದಲು, ಫ್ಲಾಟಿನಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದ್ದೆ. "ಮ್ಯಾಲ ದೊಡ್ಡ ಟಾಕಿ ಅದ ವೈನಿ, ಯಾವಾಗಂದ್ರ ಆವಾಗ ಬರ್ತದ" ಎಂದು ಶರಣಪ್ಪ ಹೆಮ್ಮೆಯಿಂದ ಹೇಳಿದ. ಯಾವಾಗಂದರೆ ಆವಾಗ ಬರುವ ನೀರಿಗೆ ನಾನು ನಸುಕಿನಲ್ಲಿ ಏಕೆ ಏಳಬೇಕು? ಎದ್ದು ಯಾರನ್ನು ಎಬ್ಬಿಸಬೇಕು? ನಮ್ಮ ಗಲ್ಲಿಯಲ್ಲಿ ನಳ ಬಂದರೆ ಮೊದಲು ಏಳುವವಳು ನಾನು, ಬಾಗಿಲು ಬಡಿದು ಉಳಿದವರನ್ನು ಏಳಿಸುವವಳೂ ನಾನೇ. ಆ ಫ್ಲಾಟಿನಲ್ಲಿ ನನಗೆ ಮಾಡಲು ಕೆಲಸವೇ ಇರಲಿಲ್ಲ.

ಊರು ಬಿಡುವವರಿಗೆ ಊಟ ಹಾಕಿ ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಆಯೇರಿ ಎಂದರೆ ಹೆಂಗಸಿಗೆ ಸೀರೆ, ಕುಪ್ಪಸದ ಖಣ. ಗಂಡಸಿಗೆ ಶಲ್ಯ, ಟೋಪಿ. ಸುದ್ದಿ ತಿಳಿದದ್ದೇ ತಡ, ಗಲ್ಲಿಯ ಒಂದೊಂದೇ ಮನೆಯಿಂದ ಕರೆ ಬಂತು. ಒಂದು ಮನೆಯಲ್ಲಿ ಹೋಳಿಗೆ, ಇನ್ನೊಂದು ಮನೆಯಲ್ಲಿ ಮಾದಲಿ, ಮತ್ತೊಂದರಲ್ಲಿ ಮತ್ತೆ ಹೋಳಿಗೆ. ನಮ್ಮ ಮನೆಯವರು ದಿನಾ ಹೊಸ ಟೋಪಿ ಹಾಕಿಕೊಂಡು, ಹೊಟ್ಟೆ ಸವರಿಕೊಂಡು ಮನೆಗೆ ಬರುತ್ತಿದ್ದರು. ಕಪಾಟಿನಲ್ಲಿ ಆಯೇರಿಯ ಸೀರೆಗಳು ಬಣ್ಣವಾರು ಕೂತವು. ಯಾವ ಮನೆಯನ್ನೂ ಬಿಡದೆ ಉಂಡು ಮುಗಿಸಿದ ಮರುದಿನ ಶರಣಪ್ಪನ ಫೋನು ಬಂತು.

"ವೈನಿ, ತಪ್ಪ ತಿಳ್ಕೋಬ್ಯಾಡ್ರಿ. ಬಾಜಾರ ಪೂರಾ ಕುಂತದ. ಹೊರಗಿನ ಆರ್ಡರ್ ಎಲ್ಲಾ ನಿಂತಾವ. ಹೊಸಾದು ಈಗ ಬ್ಯಾಡ ಅಂತ ಮಾಡೇನಿ."

"ಕೆಲಸದವರನ್ನ ಬಿಡಿಸಿಯೇನಪಾ?"

"ಇಲ್ರಿ, ಪಾಳಿ ಕಡಿಮಿ ಮಾಡೇನಿ. ಇದ್ದದ್ದು ನಡದ್ರ ಸಾಕಾಗ್ಯಾದ. ಅಣ್ಣಗ ನೀವೇ ಸಮಾಧಾನ ಹೇಳ್ರಿ."

ಫೋನು ಇಟ್ಟು ಅಡುಗೆಮನೆಗೆ ಹೋಗಿ ಕಟ್ಟೆಗೆ ಕೈಯೂರಿ ನಿಂತೆ. ಮೈ ಹಗುರಾಗಿತ್ತು. ಪಾಪ, ಹುಡುಗನ ದಂಧೆ ಕುಂತಿದೆ, ನನಗೆ ಹಗುರಾಗುತ್ತಿದೆಯಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಹಗುರಾಗಿಯೇ ಇತ್ತು. ಟಿ.ವಿ.ಯಲ್ಲಿ ಆರ್ಥಿಕ ಹಿಂಜರಿತ ಎನ್ನುವಾಗೆಲ್ಲ ಅದು ಕೋಟು ಹಾಕಿಕೊಂಡವರ ವಿಷಯವೆಂದು ನಾನು ಚಾನೆಲ್ ಬದಲಿಸುತ್ತಿದ್ದೆ. ಅದು ಯಾವ ಮಾಯದಲ್ಲೋ ಗಲ್ಲಿಯವರೆಗೆ ಬಂದು, ನನ್ನ ಕೈಹಿಡಿದು ಹೊಸ್ತಿಲೊಳಗೆ ನಿಲ್ಲಿಸಿತ್ತು. ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋಗಿ ಗಂಡನಿಗೆ ವಿಷಯ ಹೇಳಿದೆ. ಅವರು ಪೇಪರು ಮಡಚಿ, ದೊಡ್ಡದೊಂದು ಉಸಿರು ಬಿಟ್ಟು, "ಹೋಗ್ಲಿ ಬಿಡು, ನಮ್ಮ ನಸೀಬದಾಗ ಇಲ್ಲ" ಎಂದರು. ಪೇಪರನ್ನು ಪಕ್ಕಕ್ಕಿಟ್ಟು, "ಸ್ವಲ್ಪ ಶಿರಾ ಮಾಡ್ತಿಯೇನು?" ಎಂದರು. ದುಃಖವಾದ ಗಂಡಸು ಶಿರಾ ಕೇಳಿದ್ದನ್ನು ನಾನು ಕಂಡಿಲ್ಲ. ತುಪ್ಪ ಧಾರಾಳವಾಗಿ ಹಾಕಿ ಮಾಡಿದೆ. ಇಬ್ಬರೂ ಗಂಭೀರವಾಗಿ ತಿಂದೆವು.

ತಟ್ಟೆ ಎತ್ತುವಾಗ ಕಪಾಟು ಕಣ್ಣಿಗೆ ಬಿತ್ತು. ಹೋಗುತ್ತೇವೆಂದು ಎಲ್ಲರ ಮನೆಯಲ್ಲಿ ಉಂಡು, ಸೀರೆ ಉಡಿಸಿಕೊಂಡು, ಹೋಗದೆ ಉಳಿದವರು ಗಲ್ಲಿಯಲ್ಲಿ ಯಾವ ಮುಖ ಇಟ್ಟುಕೊಂಡು ಓಡಾಡುವುದು? ಮೂರು ದಿನ ನಾನು ನಳದ ಹತ್ತಿರ ತಲೆ ಎತ್ತಲಿಲ್ಲ. ಯಾರನ್ನೂ ಎಬ್ಬಿಸಲೂ ಇಲ್ಲ. ನಾಲ್ಕನೆಯ ದಿನ ಎಲ್ಲವನ್ನೂ ವಾಪಸ್ಸು ಕೊಟ್ಟುಬಿಡುವುದೆಂದು ನಿಶ್ಚಯಿಸಿ, ಮೊದಲಿಗೆ ನಾಗಮ್ಮನ ಹಸಿರು ಸೀರೆ ಹಿಡಿದು ಅವಳ ಮನೆಗೆ ಹೋದೆ.

"ಏನ್ರಿ ಬಾಯಾರ, ಆಯೇರಿ ವಾಪಸ್ ತಗೊಳ್ಳಾಕ ಇದೇನು ಅಂಗಡಿ ಸಾಮಾನೇನ್ರಿ?" ಎಂದು ನಾಗಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು. "ಮನಿಗಿ ಒಳ್ಳೇದಲ್ರಿ. ಉಟ್ಕೊಂಡ ಬಿಡ್ರಿ."

"ಹೋಗೋರ ಸೀರಿ ಉಟ್ಕೊಂಡು ಇಲ್ಲೇ ಅಡ್ಡಾಡಿದ್ರ ಮಂದಿ ನಗೂದಿಲ್ಲೇನು ನಾಗಮ್ಮ?"

"ನಗ್ತಾರ್ರಿ. ಈಗೂ ನಗಾಕತ್ತಾರ."

ಮೂಲೆಯ ಹೊರಸಿನ ಮೇಲೆ ಮಲಗಿದ್ದ ಅವಳ ಅತ್ತೆ ಗುರಮ್ಮಾಯಿ ಎದ್ದು ಕೂತಳು. ಗಲ್ಲಿಯ ಮದುವೆ, ಸೀಮಂತ, ಜಗಳಗಳ ಕಟ್ಟಕಡೆಯ ತೀರ್ಪು ಅವಳದೇ. "ಹೋಗಾಕಂತ ಕೊಟ್ಟೀವಿ. ಹೋಗಿ ಬಾರಬೇ, ಮುಗೀತು" ಎಂದಳು.

"ಎಲ್ಲಿಗಿ ಹೋಗೂಣ್ರಿ ಆಯಿ? ಸೋಲಾಪುರದಾಗ ಕೆಲಸನೇ ಇಲ್ಲ."

"ಸೋಲಾಪುರ ಯಾಕ ಬೇಕು? ಸೀಮಿ ದಾಟಿದ್ರ ಊರ ಬಿಟ್ಟಂಗ. ಗಂಡನ್ನ ಕರ್ಕೊಂಡು ಖಜೂರಿ ಆಚಿಗಿ ಹೋಗಿ ಒಂದು ಚಾ ಕುಡದ ಬಾ. ಬಂದ ಮ್ಯಾಲ ಹೊಸಾ ಮನಿಗಿ ಬಂದಂಗ ಹಾಲ ಉಕ್ಕಸು. ಸೀರಿ ನಿಂದೇ."

ವಾರ್ಡನ್ ಆಗಿದ್ದವಳಿಗೆ ನಿಯಮದೊಳಗೇ ದಾರಿ ಸಿಕ್ಕರೆ ಅದರಷ್ಟು ಸುಖ ಬೇರೆ ಇಲ್ಲ. ಸಾಮಾನು ಸಾಗಿಸಲು ಮೊದಲೇ ಹೇಳಿಟ್ಟಿದ್ದ ಖಾಜಾಮಿಯಾನ ಟೆಂಪೋವನ್ನೇ ಗುರುವಾರಕ್ಕೆ ಬರಹೇಳಿದೆ. ಖಾಲಿ ಟ್ರಂಕು ಒಯ್ದರೆ ಮೋಸವಾದೀತೆಂದು ಹಾಸಿಗೆ ಬಟ್ಟೆ ತುಂಬಿದೆ. "ಚಾ ಕುಡ್ಯಾಕ ಗಾದಿ ಯಾಕ ಬೇಕು?" ಎಂದು ನಮ್ಮ ಮನೆಯವರು ಕೇಳಿದರು. ನಾನು ಟ್ರಂಕಿಗೆ ಬೀಗ ಹಾಕಿದೆ. ಹಸಿರು ಸೀರೆ ಉಟ್ಟು, ಅವರ ತಲೆಗೆ ಟೋಪಿ ಹಾಕಿ, ಹೊತ್ತಿಗೆ ಸರಿಯಾಗಿ ಹೊರಟೆವು.

ದಾರಿಯಲ್ಲಿ ಖಾಜಾಮಿಯಾ ತನ್ನ ದಂಧೆಯ ಸುದ್ದಿ ತೆಗೆದ. "ಬಾಜಾರ ತೇಜಿ ಇದ್ದಾಗ ಇಲ್ಲಿಂದ ಪಲಂಗ, ಗಾದಿ ತುಂಬ್ಕೊಂಡು ಪುಣೆಕ ಹೋಗಿ ಖಾಲಿ ಬರ್ತಿದ್ದೆ ಬಾಯಾರ. ಈಗ ಖಾಲಿ ಹೋಗಿ ತುಂಬ್ಕೊಂಡ ಬರಾಕತ್ತೇನಿ. ಅವೇ ಪಲಂಗ, ಅವೇ ಗಾದಿ."

"ಮಂದಿ ಏನಂತಾರೋ?" ಎಂದರು ನಮ್ಮ ಮನೆಯವರು.

"ಹೋಗೋವಾಗ 'ಆಳಂದದಾಗ ಏನದ' ಅಂತಾರ್ರಿ. ಬರೋವಾಗ 'ಪುಣೆದಾಗ ಹವಾ ಸರಿ ಇಲ್ಲ' ಅಂತಾರ. ಬಾಜಾರ ಬಿತ್ತು ಅಂತ ಯಾರೂ ಅನ್ನೂದಿಲ್ಲ."

ಸೋಲಾಪುರದ ಬಿಸಿಲು ತಡೆಯಲಾಗುವುದಿಲ್ಲವಂತೆ, ಅದಕ್ಕೇ ಬೇಡವೆಂದೆವು ಎಂದು ನಾನು ಗಲ್ಲಿಯಲ್ಲಿ ಒಂದಿಬ್ಬರಿಗೆ ಹೇಳಿದ್ದೆ, ಆಳಂದದಲ್ಲಿ ಬೆಳದಿಂಗಳೇ ಸುರಿಯುತ್ತದೆ ಎನ್ನುವವಳ ಹಾಗೆ. ನಾನು ರಸ್ತೆ ಬದಿಯ ತೊಗರಿ ಹೊಲ ನೋಡಿದೆ.

ಗಡಿಯ ಊರು ಖಜೂರಿ ದಾಟಿತು. ಅಂಗಡಿಯ ಬೋರ್ಡುಗಳು ಮರಾಠಿಯಾದದ್ದೇ ಟೆಂಪೋ ನಿಲ್ಲಿಸಿದೆವು. ಹೋಟೆಲಿನವನು ನನ್ನ ಜರಿ ಸೀರೆ, ಅವರ ಟೋಪಿ, ಟೆಂಪೋದೊಳಗಿನ ಟ್ರಂಕು ನೋಡಿ, "ಎಲ್ಲಿಗಿ ಹೊಂಟೀರಿ ಕಾಕಾ?" ಎಂದು ಕನ್ನಡದಲ್ಲೇ ಕೇಳಿದ.

"ಊರಿಗಿ" ಎಂದರು ನಮ್ಮ ಮನೆಯವರು.

"ಎಲ್ಲಿಂದ ಬಂದ್ರಿ?"

"ಊರಿಂದ."

ಅವನು ಟ್ರಂಕನ್ನು ಇನ್ನೊಮ್ಮೆ ನೋಡಿ ಚಹಾ ಕೊಟ್ಟ. ಮಹಾರಾಷ್ಟ್ರದಲ್ಲಿ ನಮ್ಮ ವಾಸ್ತವ್ಯ ಅಷ್ಟೇ. ಸಕ್ಕರೆ ಸ್ವಲ್ಪ ಹೆಚ್ಚಾಗಿತ್ತು. ನಮ್ಮ ಮನೆಯವರು ಲೋಟ ಕೆಳಗಿಟ್ಟು, "ಖರೇ ಹೇಳ್ಲೇನು? ನನಗ ಆ ಫ್ಲಾಟಿನ ಲಿಫ್ಟಿನ ಅಂಜಿಕಿ ಇತ್ತು" ಎಂದರು. ನಾನು ನೀರಿನ ಟಾಕಿಯ ವಿಷಯ ಹೇಳಿದೆ. ಇಬ್ಬರೂ ಬಹಳ ಹೊತ್ತು ನಕ್ಕೆವು. ಖಾಜಾಮಿಯಾ ನಮ್ಮಿಬ್ಬರನ್ನೂ ಒಮ್ಮೆ ನೋಡಿ ಗಾಡಿ ತಿರುಗಿಸಿಕೊಂಡ.

ಊಟದ ಹೊತ್ತಿಗೆ ಎಂದವರು ಅದಕ್ಕೂ ಸಾಕಷ್ಟು ಮೊದಲೇ ಗಲ್ಲಿಗೆ ಬಂದುಬಿಟ್ಟೆವು. ನಮ್ಮ ಮಾಳಿಗೆಯ ಮೇಲೆ ನಾಗಮ್ಮನ ಸಂಡಿಗೆ ಒಣಗುತ್ತಿತ್ತು. ಕಟ್ಟೆಗೆ ಯಾರದೋ ಆಡು ಕಟ್ಟಿತ್ತು. ನಾನು ಯಾರಿಗೂ ಯಾವತ್ತೂ ಬಿಡದ ಕಿಟಕಿ ಕೆಳಗಿನ ನೆರಳಿನಲ್ಲಿ ನಾಗಮ್ಮನ ಗಂಡನ ಸ್ಕೂಟರ್ ಆರಾಮಾಗಿ ನಿಂತಿತ್ತು. ನಾವು ಹೋದ ಮೇಲೆ ಯಾವುದು ಯಾರಿಗೆಂದು ಗಲ್ಲಿ ಮೊದಲೇ ಹಂಚಿಕೊಂಡಿರಬೇಕು. ಹಂಚಿಕೊಂಡದ್ದನ್ನು ಅರ್ಧ ದಿನವಾದರೂ ಅನುಭವಿಸದೆ ಬಿಡಲು ಮನಸ್ಸಾಗಿಲ್ಲ.

"ಬಾಯಾರ, ಇಷ್ಟ ಲಗೂ ಬರ್ತೀರಿ ಅಂತ ಗೊತ್ತಿರ್ಲಿಲ್ರಿ" ಎಂದು ನಾಗಮ್ಮ ಮಾಳಿಗೆಯ ಮೆಟ್ಟಿಲಿಗೆ ಓಡಿದಳು.

"ಏನ ಮಾಡೂದವ್ವ, ಮಹಾರಾಷ್ಟ್ರ ಮೊದಲಿನಂಗ ಇಲ್ಲ" ಎಂದರು ನಮ್ಮ ಮನೆಯವರು.

ಗುರಮ್ಮಾಯಿಯ ಎದುರಿಗೆ ಹಾಲು ಉಕ್ಕಿಸಿದೆ. ಬಂದವರಿಗೆಲ್ಲ ಸಕ್ಕರೆ ಹಾಕಿ ಕೊಟ್ಟೆ. ಯಾರೂ ನಗಲಿಲ್ಲ, ಪದ್ಧತಿ ಪ್ರಕಾರ ಎಲ್ಲ ಮುಗಿದಿತ್ತು. ಸಂಜೆಯೊಳಗೆ ಸಂಡಿಗೆ ಇಳಿಯಿತು, ಆಡು ಹೋಯಿತು. ಸ್ಕೂಟರ್ ಮಾತ್ರ ನಿಂತಲ್ಲೇ ಇತ್ತು. ಬೇರೆ ದಿನವಾಗಿದ್ದರೆ ನನ್ನ ಧ್ವನಿ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಬಾಗಿಲವರೆಗೆ ಹೋದೆ, ಬಾಯಿಯನ್ನೂ ತೆರೆದೆ. ಆದರೆ ನಾವು ಆ ಗಲ್ಲಿಗೆ ಅದೇ ದಿನ ಬಂದವರು. ಹೊಸದಾಗಿ ಬಂದವರು ಮೊದಲ ದಿನವೇ ಜಗಳ ತೆಗೆದರೆ ಚೆನ್ನಾಗಿ ಕಾಣುವುದಿಲ್ಲ. ಒಳಗೆ ಬಂದು ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿದೆ.