ನಮ್ಮತ್ತೆಯ ಕಾರ್ಡಿಗೆ ಒಂದಿಂಚು ಹೊಲಿಗೆ

ನಮ್ಮತ್ತೆಯ ಕೈಗೆ ಈ ಭೂಮಂಡಲವನ್ನೇ ಕೊಟ್ಟು "ಸರಿಯಾಗಿ ಕತ್ತರಿಸು" ಅಂದರೂ, ಸುತ್ತಲೂ ಒಂದಿಂಚು ಹೊಲಿಗೆಗೆ ಬಿಟ್ಟೇ ಆಕೆ ಕತ್ತರಿ ಆಡಿಸುವುದು! ನಗಬೇಡಿ. ನೀವು ಮೊದಲ ಸಲ ಆಕೆಯ ಮುಂದೆ ನಿಂತು ನಮಸ್ಕಾರ ಅನ್ನುವಷ್ಟರಲ್ಲಿ ನಿಮ್ಮ ಭುಜ, ತೋಳು, ಕೊರಳಿನ ಅಳತೆ ಕಣ್ಣಲ್ಲೇ ತೆಗೆದು ಮುಗಿಸಿರುತ್ತಾಳೆ. ಗಂಗಾವತಿಯ ಅರ್ಧ ಊರಿನ ಹೆಣ್ಣುಮಕ್ಕಳು ಆಕೆ ಹೊಲಿದ ರವಿಕೆ ತೊಟ್ಟೇ ಓಡಾಡುವುದು. ಮದುವೆ ಯಾಕೆ ಆಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಬಂದ ಗಂಡುಗೋಳು ಒಂದೂ ಅಳತಿಗೆ ಬರಲಿಲ್ರಿ" ಅಂತ ಉತ್ತರ ಸಿದ್ಧ.

ಇಂಥ ನಮ್ಮತ್ತೆ ತನ್ನ ಒಬ್ಬನೇ ತಮ್ಮನ ಜೊತೆ, ಅಂದರೆ ನಮ್ಮಪ್ಪನ ಜೊತೆ, ನನ್ನ ಮದುವೆಯ ದಿನವೇ ಮಾತು ಬಿಟ್ಟಳು. ಕಾರಣ? ಒಂದು ಜುಬ್ಬಾ!

ಮದುವೆಯಲ್ಲಿ ತೊಡಲಿ ಅಂತ ತಮ್ಮನಿಗೆ ತಾನೇ ರೇಷ್ಮೆ ಜುಬ್ಬಾ ಹೊಲಿದಿದ್ದಳು. ಕಾಲರಿಗೆ ಮಷೀನು ಮುಟ್ಟಿಸದೆ ಪೂರ್ತಿ ಕೈಹೊಲಿಗೆ. ಆದರೆ ಮುಹೂರ್ತಕ್ಕೆ ಮೊದಲು ನಮ್ಮ ಬೀಗರು ಹುಬ್ಬಳ್ಳಿಯಿಂದ ತಂದ ರೆಡಿಮೇಡ್ ಜುಬ್ಬಾ ಉಡುಗೊರೆಯಾಗಿ ಆಯೇರಿ ಮಾಡಿ, "ಈಗ ಹಾಕ್ಕೊಳ್ಳಾಕಬೇಕು" ಅಂತ ಹಟ ಹಿಡಿದರು. ಹೆಣ್ಣಿನ ತಂದೆ, ಬೀಗರ ಎದುರು ಏನು ಹೇಳಿಯಾನು? ಹಾಕಿಕೊಂಡ. ಅತ್ತೆ ದೂರದಿಂದಲೇ ನೋಡಿದಳು. ಆ ರೆಡಿಮೇಡು ಬೆನ್ನ ಮೇಲೆ ಸುಕ್ಕು ಬಿದ್ದಿತ್ತು ಬೇರೆ! ನನ್ನ ತಲೆಯ ಮೇಲೆ ಅಕ್ಷತೆ ಹಾಕಿ, ಊಟಕ್ಕೂ ಕೂಡದೆ ಕೊಪ್ಪಳದ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟಳು. "ಅಕ್ಕಾ, ಹಿಂಗಿಂಗಾತು" ಅಂತ ಅಪ್ಪ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಆ ಮದುವೆಯ ಫಲವಾದ ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ.

ನಮ್ಮ ಕಡೆ ದಸರಾ ದಿನ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅನ್ನುತ್ತೇವೆ. ಕಿರಿಯರು ಹಿರಿಯರ ಮನೆಗೆ ಹೋಗಿ, ಬನ್ನಿ ಕೊಟ್ಟು, ಕಾಲಿಗೆ ಬೀಳಬೇಕು. ಹಿರಿಯರು ತಾವಾಗಿ ಕಿರಿಯರ ಮನೆ ಹುಡುಕಿಕೊಂಡು ಹೋಗುವಂತಿಲ್ಲ. ಮೊದಲೆಲ್ಲ ಅಪ್ಪ ಆ ದಿನ ಕೊಪ್ಪಳದಿಂದ ಬಂದು ಅಕ್ಕನಿಗೆ ಬನ್ನಿ ಕೊಟ್ಟ ಮೇಲೆಯೇ ಉಳಿದವರಿಗೆ ಕೊಡುತ್ತಿದ್ದ. ಜುಬ್ಬಾ ಪ್ರಕರಣದ ನಂತರ ಬರಲಿಲ್ಲ. ಅತ್ತೆ ಮಾತ್ರ ಪ್ರತಿ ದಸರಾ ಮಧ್ಯಾಹ್ನದಿಂದಲೇ ಮಷೀನು ಬಾಗಿಲಿಗೆ ಎಳೆದುಕೊಂಡು, ಏನೋ ಅರ್ಜೆಂಟ್ ಕೆಲಸವಿರುವವಳಂತೆ ತುಳಿಯುತ್ತ ಕೂಡುತ್ತಾಳೆ. ನಾನೂ ಗಂಗಾವತಿಯ ಸೊಸೆ, ಹತ್ತಿರದ ಓಣಿಯಲ್ಲೇ ಮನೆ. ಒಮ್ಮೆ ಹೋಗಿ ನೋಡಿದರೆ ಮಷೀನಿಗೆ ದಾರವೇ ಇರಲಿಲ್ಲ! "ಅತ್ತಿ, ದಾರ?" ಅಂದೆ. "ಸುಮ್ನಿರು, ಎಣ್ಣಿ ಬಿಟ್ಟೀನಿ, ತಿರುಗಸಾಕ ಹತ್ತೀನಿ" ಅಂದಳು. ಕಣ್ಣು ಬೀದಿಯ ಮೇಲೇ ಇತ್ತು.

ಹೋದ ವರ್ಷ ದಸರಾ ಇನ್ನೂ ದೂರವಿರುವಾಗಲೇ ನಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಒಂದು ಕಾರ್ಡು ಹೊಡಸಬೇಕು. ಮಡಿಚಿದ್ದು. ದಸರಾದ್ದು."

"ವಾಟ್ಸಾಪ್‌ನಾಗ ಒಂದು ಚಿತ್ರ ಕಳಿಸಿದ್ರ ಆತಲ್ಲತ್ತಿ?"

"ಅದನ್ನ ಕೈಯಾಗ ಹಿಡ್ಕೊಳ್ಳಾಕ ಬರತೈತೇನು? ಮಡಿಕಿ ತೆಗದು ಓದೂವಂಗ ಇರಬೇಕು."

"ಅಪ್ಪಗ ಅನ್ನು ಹಂಗಾದ್ರ. ಒಂದು ಕಾಗದ ಬರದು ಹಾಕು, ಮುಗೀತು."

"ಅಂವಗ ಒಬ್ಬಗ ಬರದ್ರ ನಾನ ಕರದಂಗ ಆತಲ್ಲ, ಹುಚ್ಚಿ! ನಾ ದೊಡ್ಡಾಕಿ. ಎಲ್ಲಾರಿಗೂ ಕಳಸೋಣು. ಅದರಾಗ ಅಂವನೂ ಒಬ್ಬ."

ಒಬ್ಬ ತಮ್ಮನನ್ನು ಕರೆಯಲು ಇನ್ನೂರು ಕಾರ್ಡು! ಇಂಥ ಲೆಕ್ಕ ಯಾವ ಬ್ಯಾಂಕಿನಲ್ಲಿ ನಡೆದೀತು ಹೇಳಿ? ನಾನು ಬ್ಯಾಂಕಿನವಳು, ನನಗಂತೂ ಗೊತ್ತಿಲ್ಲ.

ಕಂಪ್ಯೂಟರ್ ಬರುತ್ತದೆ ಅನ್ನುವ ತಪ್ಪಿಗೆ ವಿನ್ಯಾಸ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಅತ್ತೆ ಹಳೆಯ ದಿನಪತ್ರಿಕೆ ಹಾಸಿ, ರವಿಕೆಗೆ ಮಾಡುವ ಹಾಗೆ ಕಾರ್ಡಿಗೂ ಪೇಪರ್ ಕಟಿಂಗ್ ಮಾಡಿ, ನಡುವೆ ಮಡಿಸಿ ಕೈಗಿತ್ತಳು. ನಾನು ಅದನ್ನು ಅತ್ತ ಇಟ್ಟು ನನ್ನದೇ ಬುದ್ಧಿ ಓಡಿಸಿದೆ. ಹೊರಗಡೆಗೆ ಬನ್ನಿಮರ, ಒಳಗಡೆಗೂ ಒಂದು ಬನ್ನಿಮರ. ಮುಖಪುಟ ಮೊದಲು ಬರಬೇಕಲ್ಲ ಅಂತ ಅದನ್ನು ಹಾಳೆಯ ಎಡಕ್ಕೆ ಹಾಕಿದೆ. ಇಬ್ಬರೂ ಒಯ್ದು ಕೊಟ್ಟಾಗ ಪ್ರಿಂಟಿಂಗ್ ಪ್ರೆಸ್ಸಿನ ಸಾಹೇಬರು ಮಾದರಿ ಹಾಳೆ ಹೊಡೆದು ಮಡಿಸಿ ಕೊಟ್ಟರು. ಮುಖಪುಟ ಹೋಗಿ ಬೆನ್ನಿನಲ್ಲಿ ಕೂತಿತ್ತು! ಬಿಚ್ಚಿ ನೋಡಿದರೆ ಒಳಗಿನ ಮರ ಬೇರು ಮೇಲೆ ಮಾಡಿಕೊಂಡು ನಿಂತಿತ್ತು.

"ಮುಂದಿಂದು ಬಲಕ್ಕ ಇರಬೇಕ್ರಿ, ಮಡಿಚಿದಾಗ ಮುಂದ ಬರತೈತಿ" ಅಂದರು ಸಾಹೇಬರು, ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತ.

ಅತ್ತೆ ನನ್ನ ಕಡೆ ತಿರುಗಿದಳು. "ಬ್ಯಾಂಕಿನ್ಯಾಗ ನೋಟೂ ಹಿಂಗ ತಲಿಕೆಳಗ ಎಣಸತೀರೇನ?"

ಆಮೇಲೆ ಸಾಹೇಬರು ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಹಸಿರು ಬಣ್ಣ ಕಾರ್ಡಿನ ಅಂಚಿಗೆ ಸರಿಯಾಗಿ ನಿಲ್ಲಬಾರದಂತೆ, ಆಚೆಗೂ ಚೂರು ದಾಟಿರಬೇಕಂತೆ. "ಕಟಿಂಗ್ ಮಷೀನಿನ ಅಲಗು ಕೂದಲೆಳಿಯಷ್ಟು ಸರದ್ರೂ ಅಂಚಿನಾಗ ಬಿಳಿ ಕಾಣತೈತ್ರಿ ಅಕ್ಕಾರ. ಅದಕ್ಕ ಸುತ್ತಲೂ ಒಂದೀಟು ಹೆಚ್ಚಿಗೆ ಬಿಟ್ಟು, ಆಮ್ಯಾಲೆ ಕತ್ತರಸತೀವಿ."

ಅತ್ತೆಯ ಮುಖ ನೋಡಬೇಕಿತ್ತು! ಪರದೇಶದಲ್ಲಿ ತವರಿನವರು ಸಿಕ್ಕ ಹಾಗೆ ಅರಳಿತು. "ಹೊಲಿಗಿ! ಹೊಲಿಗಿ ಬಿಡೋದು ಅನ್ನು ಮತ್ತ!" ಅಂತ ಮನೆಗೆ ಓಡಿ, ಮರುದಿನ ಹೊಸ ಪೇಪರ್ ಕಟಿಂಗ್ ತಂದಳು. ಸುತ್ತಲೂ ಬರೋಬ್ಬರಿ ಒಂದಿಂಚು.

"ಇಷ್ಟ್ಯಾಕ್ರಿ?" ಸಾಹೇಬರು ಗಾಬರಿಯಾದರು.

"ಇರಲಿ ತಗೋರಿ. ಮುಂದ ಬಿಚ್ಚಿ ದೊಡ್ಡದು ಮಾಡಾಕ ಬೇಕಾಗತೈತಿ."

"ಕಾರ್ಡು ಬೆಳಿಯಂಗಿಲ್ರಿ ಅಕ್ಕಾರ!"

ಬಣ್ಣದ ಕತೆ ಕೇಳಿ. ಕಂಪ್ಯೂಟರಿನ ಪರದೆಯ ಮೇಲೆ ಕಂಡ ಹಸಿರು ಕಾಗದದ ಮೇಲೆ ಬರಲಿಲ್ಲ. ಪರದೆಯದು ಬೆಳಕು, ಕಾಗದದ್ದು ಶಾಯಿ, ಎರಡೂ ಒಂದೇ ಆಗುವುದಿಲ್ಲ ಅಂತ ಸಾಹೇಬರು ಹೇಳಿದರೆ ಅತ್ತೆ ಕೇಳಬೇಕಲ್ಲ? ಒಂದು ಚೀಲದ ತುಂಬ ಹಸಿರು ದಾರದ ಉಂಡೆ ತಂದು ಸಾಲಾಗಿ ಟೇಬಲ್ಲಿನ ಮೇಲೆ ಇಟ್ಟಳು. ಜೊತೆಗೆ ಹೇಮಗುಡ್ಡದ ಹಾದಿಯಿಂದ ಕಿತ್ತು ತಂದ ಬನ್ನಿಯ ಒಂದು ಕಡ್ಡಿ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಬಾರದು ಅಂತ ಮಾದರಿ ಹಾಳೆ ಹಿಡಿದು ಸೀದಾ ರಸ್ತೆಯ ನಡುವೆ ಬಿಸಿಲಿಗೆ ಹೋಗಿ ನಿಂತಳು. ಹಿಂದೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರು ಹಾರ್ನು ಹೊಡೆಯುತ್ತಿತ್ತು. ಅತ್ತೆ ಡ್ರೈವರನಿಗೆ ಹಾಳೆ ತೋರಿಸಿ, "ಬನ್ನಿ ಎಲಿ ಹಿಂಗಿರತೈತೇನಪಾ?" ಅಂದಳು. ಅವನು ಎಂಜಿನ್ ಬಂದ್ ಮಾಡಿ ನೋಡಿ, "ಒಂಚೂರು ಹಳದಿ ಬೇಕ್ರಿ ಅಮ್ಮಾ" ಅಂದ. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಹಳದಿ ಏರಿಸಿದರು.

ಉಳಿದದ್ದು ಒಳಗಿನ ಬರಹ. ಇಲ್ಲಿ ಮಾತ್ರ ಅತ್ತೆ ನಗಲಿಲ್ಲ, ನಗಿಸಲಿಲ್ಲ. ಹಾರ್ದಿಕ ಶುಭಾಶಯಗಳು ಅಂತ ನಾನು ಹಾಕಿದ್ದನ್ನು ತೆಗೆಸಿದಳು. ಬಹಳ ಹೊತ್ತು ದಾರದ ಉಂಡೆಯನ್ನು ಬೆರಳಲ್ಲಿ ತಿರುಗಿಸುತ್ತ ಕೂತು, ಕೊನೆಗೆ ಒಂದೊಂದೇ ಮಾತು ಹೇಳಿ ಬರೆಸಿದಳು. "ಬನ್ನಿ ಕೊಡಾಕ ಮನಿಗೆ ಬರ್ರಿ. ಯಾರು ಏನು ಹಾಕ್ಕೊಂಡು ಬಂದ್ರೂ ನಮ್ಮದೇನೂ ತಕರಾರಿಲ್ಲ."

"ಇದು ಶುಭಾಶಯ ಏನ್ರಿ ಅಕ್ಕಾರ?" ಅಂದರು ಸಾಹೇಬರು.

"ತಿಳಿಬೇಕಾದಂವಗ ತಿಳಿತೈತಿ, ಹೊಡೀರಿ."

ಕಾರ್ಡುಗಳು ಮಡಿಕೆಗೆ ಗೆರೆ ಹೊಡೆಸಿಕೊಂಡು, ಮಡಿಸಿಕೊಂಡು, ಚೆಂದವಾಗಿ ಬಂದವು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ನವಲಿ ಅಂತ ಸಂಬಂಧಿಕರಿದ್ದ ಕಡೆಗೆಲ್ಲ ಹೋದವು. ಹಾಲಿನವನಿಗೆ, ಗುಂಡಿ ಮಾರುವವನಿಗೆ, ಗ್ಯಾಸ್ ತರುವವನಿಗೂ ಕೈಯಲ್ಲೇ ಕೊಟ್ಟಳು. ಅಪ್ಪನ ಲಕೋಟೆಯ ಮೇಲೆ ಮಾತ್ರ ವಿಳಾಸ ನನ್ನ ಕೈಯಲ್ಲಿ ಬರೆಸಿದಳು. "ನನ್ನ ಅಕ್ಷರ ನೋಡಿ ಎಲ್ಲಿ ತೆಗಿಯೋದ ಬಿಟ್ಟಾನು" ಅಂದಳು. ಮೂರು ದಿನದ ಮೇಲೆ ಅವ್ವನಿಗೆ ಫೋನು ಮಾಡಿದೆ. "ಬಂತವಾ. ಓದಿದ್ರು. ಎದ್ದು ಹೋಗಿ ಟಿವಿ ಹಚ್ಚಿದ್ರು" ಅಂದಳು.

ದಸರಾ ದಿನ ಅತ್ತೆಯ ಮನೆ ಮುಂದೆ ಜಾತ್ರೆಯೇ ಕೂಡಿತು. ಎಂದೂ ಬಾರದವರೆಲ್ಲ ಬಂದರು. "ಏನು ಹಾಕ್ಕೊಂಡ ಬರಬೇಕಂತ ತಿಳೀಲಿಲ್ರಿ, ಅದಕ್ಕ ತಡಾ ಆತು" ಅಂತ ಒಬ್ಬಾಕೆ ಮದುವೆಯ ರೇಷ್ಮೆ ಸೀರೆಯಲ್ಲಿ ಬಂದಳು. ತಳಕಲ್ಲಿನ ಒಬ್ಬ ದೂರದ ಸಂಬಂಧಿ ಕಾರ್ಡನ್ನು ಅಕ್ಷರಶಃ ನಂಬಿ, ಲುಂಗಿ ಬನಿಯನ್ನಿನ ಮೇಲೆಯೇ ಬಸ್ ಹತ್ತಿ ಬಂದಿದ್ದ! ಅತ್ತೆ ಎಲ್ಲರ ಬನ್ನಿ ತೆಗೆದುಕೊಂಡಳು, ಎಲ್ಲರಿಗೂ ಸಿಹಿ ಉಂಡೆ ಕೊಟ್ಟಳು, ಎಲ್ಲರ ಭುಜದ ಮೇಲಿನಿಂದ ಬೀದಿ ನೋಡಿದಳು. ಕೊಪ್ಪಳದಿಂದ ಬರುವ ಕೊನೆಯ ಬಸ್ಸು ಬಂದು ಹೋಗುವ ಹೊತ್ತಾದ ಮೇಲೆ ಬಾಗಿಲಿನಿಂದ ಮಷೀನು ಒಳಗೆಳೆದಳು.

"ಅತ್ತಿ..." ಅಂದೆ.

"ಶೀಗಿ ಹುಣ್ಣಿವಿ ತನಕ ಬನ್ನಿ ಕೊಡಾಕ ಅಡ್ಡಿಯಿಲ್ಲ" ಅಂದಳು. ಐದು ದಿನಕ್ಕೆ ಶೀಗಿ ಹುಣ್ಣಿಮೆ ಬಂತು, ಹೋಯಿತು. "ದೀಪಾವಳಿ ತನಕ ನಡಿತೈತಂತ, ಯಾರೋ ಹೇಳಿದ್ರು" ಅಂದಳು. ಯಾರೂ ಹೇಳಿರಲಿಲ್ಲ. ಪಂಚಾಂಗವನ್ನೂ ಒಂದೊಂದಿಂಚು ಬಿಚ್ಚಿ ಉದ್ದ ಮಾಡುತ್ತ ಕೂತಿದ್ದಳು ನಮ್ಮತ್ತೆ. ನನಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಒಂದು ತಾಸಿನ ಹಾದಿ, ಬಂದು ನಿಂತರೆ ಸಾಕಿತ್ತು, ಮಾತೂ ಬೇಕಿರಲಿಲ್ಲ.

ದೀಪಾವಳಿಯೂ ಕಳೆದು ಒಂದು ದಿನ ಅಪ್ಪನೇ ಫೋನು ಮಾಡಿದ. ಅದೂ ಇದೂ ಮಾತಾಡಿ, ಮೊಮ್ಮಗಳ ಶಾಲೆ ವಿಚಾರಿಸಿ, ಕೊನೆಗೆ ಕೇಳಿದ.

"ಆ ಕಾರ್ಡು... ಇನ್ನೊಂದು ಐತೇನು?"

"ಯಾಕಪ್ಪಾ? ಕಳಿಸಿದ್ದು ಕಳೀತೇನು?"

"ಇಲ್ಲ. ಮಡಿಕ್ಯಾಗ ಹರದೈತಿ. ಎರಡು ತುಂಡಾಗೈತಿ."

"ಅಷ್ಟು ದಪ್ಪ ಹಾಳಿ, ಅದ್ಹೆಂಗ ಹರೀತು?"

"ತೆಗದು ತೆಗದು ನೋಡತಿದ್ದೆ" ಅಂದ. "ಹೋಗಬೇಕಂತೀನಿ, ಇಷ್ಟ ದಿನ ಬಿಟ್ಟು ಯಾವ ಮುಖ ತಗೊಂಡು ಹೋಗ್ಲಿ ಅನಸತೈತಿ. ಮತ್ತ ಮಡಿಚಿ ಇಡತೀನಿ."

ನಾನು ಫೋನು ಇಟ್ಟವಳೇ ಅತ್ತೆಯ ಮನೆಗೆ ನಡೆದೆ. ಆಕೆ ಯಾರದೋ ರವಿಕೆ ಕತ್ತರಿಸುತ್ತಿದ್ದಳು. ಅಪ್ಪ ಹೇಳಿದ್ದನ್ನು ಹಾಗೆಯೇ ಹೇಳಿದೆ. ಕತ್ತರಿ ಬಟ್ಟೆಯ ನಡುವೆಯೇ ನಿಂತಿತು.

"ಎರಡು ತುಂಡಾ?"

"ಹೂಂ. ಕಪಾಟಿನ್ಯಾಗ ಇನ್ನೂ ಉಳದಾವಲ್ಲ, ಹೊಸಾದು ಒಂದು ಪೋಸ್ಟ್ ಮಾಡಲೇನು?"

"ಹೊಸಾದು ಯಾಕ?" ಅತ್ತೆ ಎದ್ದೇಬಿಟ್ಟಳು. ಕತ್ತರಿ ಅಲ್ಲೇ ಬಿಟ್ಟು ಹಸಿರು ದಾರದ ಉಂಡೆ, ಸೂಜಿ ತೆಗೆದುಕೊಂಡಳು. "ನಾ ಮಾಡಿ ಕೊಟ್ಟದ್ದು ಹರದ್ರ ನಾನ ಹೋಗಿ ಹೊಲಿಬೇಕು. ನಡಿ, ಬಸ್ಸು ಎಷ್ಟೊತ್ತಿಗೈತಿ ನೋಡು."

"ಅತ್ತಿ, ಕಾಗದ ಯಾರರ ಹೊಲೀತಾರೇನು? ಮತ್ತ ನೀ ದೊಡ್ಡಾಕಿ, ನೀನ ಹೋದ್ರ..."

"ಬನ್ನಿ ಕೊಡಾಕ ಹೊಂಟಿಲ್ಲ ನಾ. ರಿಪೇರಿಗೆ ಹೊಂಟೀನಿ!"

ಕೊಪ್ಪಳದ ಬಸ್ಸು ಹತ್ತಿದೆವು. ಹಸಿರು ದಾರದ ಉಂಡೆ ಉಡಿಯಲ್ಲಿಟ್ಟುಕೊಂಡು ಸೂಜಿ ಪೋಣಿಸುತ್ತಿದ್ದಳು. ಕಣ್ಣಿಗೆ ನೀರು ಬಂದದ್ದಕ್ಕೋ ಬಸ್ಸಿನ ಕುಲುಕಾಟಕ್ಕೋ, ದಾರ ಸೇರಲೊಲ್ಲದು. ಕೊಪ್ಪಳದ ಹತ್ತಿರ ಗಿಣಿಗೇರಾ ದಾಟಿದ ಮೇಲೆ ಸೇರಿತು. ಸೇರಿದ್ದನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

ಬಾಗಿಲು ತೆಗೆದದ್ದು ಅಪ್ಪ. ಮೊದಲು ನನ್ನನ್ನು ನೋಡಿದ, ಆಮೇಲೆ ನನ್ನ ಹಿಂದೆ ನಿಂತವಳನ್ನು. ಅತ್ತೆ ಗಟ್ಟಿಯಾಗಿ, ಗಿರಾಕಿಗೆ ಹೇಳುವ ಹಾಗೆ, "ಎಲ್ಲೈತಿ ಹರದದ್ದು? ತಗೊಂಡ ಬಾ" ಅಂದಳು. ಅಪ್ಪ ತರಲಿಲ್ಲ. "ಅಕ್ಕಾ" ಅಂದವನೇ ಹೊಸ್ತಿಲು ದಾಟಿ ಬಾಗಿ ಆಕೆಯ ಎರಡೂ ಪಾದ ಹಿಡಿದುಕೊಂಡ. ಹಿಡಿದವನು ಬಿಡಲಿಲ್ಲ.

ಎಡಗೈಯಲ್ಲಿ ಒಂದು ಚಮಚ ಸಕ್ಕರೆ ಕೊಟ್ಟರೂ ನಮ್ಮನ್ನು ಬಯ್ಯುವವಳು ನಮ್ಮತ್ತೆ. ಆವತ್ತು ಸೂಜಿ ಎಲ್ಲಿ ತಮ್ಮನಿಗೆ ಚುಚ್ಚೀತೋ ಅಂತ ಬಲಗೈ ಮೇಲೆತ್ತಿ ಹಿಡಿದುಕೊಂಡು, ಎಡಗೈಯನ್ನೇ ಅವನ ತಲೆಯ ಮೇಲಿಟ್ಟಳು. ನರೆತ ಆ ಕೂದಲಲ್ಲಿ ಕೈ ಆಡಿಸುತ್ತ ಅಲ್ಲೇ ಬಾಗಿಲಲ್ಲಿ ಅಳುತ್ತ ನಿಂತಳು.